ಕಾಸೇಗಾಂವಿನಲ್ಲಿ ಉಳಿದುಕೊಂಡ ಸಂಶೋಧಕಿ

ಎಂ.ಎ. ಪ್ರಬಂಧಕ್ಕಾಗಿ ವಿಜಯಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ಪ್ರಶ್ನಾವಳಿ ಹಿಡಿದು ಮನೆಮನೆ ತಿರುಗುತ್ತಿದ್ದಾಗ, ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಅಜ್ಜಿಯೊಬ್ಬರು ಮೊರವನ್ನು ಕೆಳಗಿಡದೆಯೇ ನನ್ನನ್ನು ಕೇಳಿದ್ದರು: "ಹೋದ ವರ್ಷನೂ ಒಬ್ಬರು ಬಂದು ಬರಕೊಂಡು ಹೋದ್ರು. ಇದನ್ನೆಲ್ಲಾ ಒಯ್ದು ಏನ ಮಾಡ್ತೀರವಾ?" ಪರೀಕ್ಷೆಗೆ ಬೇಕಿತ್ತೆಂದು ಏನೋ ಹೇಳಿ ತಪ್ಪಿಸಿಕೊಂಡೆ. ಗೇಲ್ ಓಮ್‌ವೆಟ್ ಅವರ ಬರಹಗಳನ್ನು ಓದುವಾಗಲೆಲ್ಲ ಆ ಪ್ರಶ್ನೆ ಮತ್ತೆ ಎದುರಿಗೆ ಬಂದು ನಿಲ್ಲುತ್ತದೆ.

1941ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಹುಟ್ಟಿದ ಈ ಸಮಾಜಶಾಸ್ತ್ರಜ್ಞೆ, ಪಶ್ಚಿಮ ಭಾರತದ ಬ್ರಾಹ್ಮಣೇತರ ಚಳವಳಿಯನ್ನು ಕುರಿತ ಅಧ್ಯಯನಕ್ಕೆ 1973ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಅಲ್ಲಿಯೇ ಪ್ರಾಧ್ಯಾಪಕಿಯಾಗಿ ನೆಲೆಸಿ, ರಜೆ ಸಿಕ್ಕಾಗ ಬಂದು ಟಿಪ್ಪಣಿ ಮಾಡಿಕೊಂಡು ಹೋಗುವ ದಾರಿ ಅವರಿಗೆ ತೆರೆದೇ ಇತ್ತು. ಆದರೆ ಅವರು ಹೋರಾಟಗಾರ ಭಾರತ್ ಪಾಟಣಕರ್ ಅವರನ್ನು ಮದುವೆಯಾಗಿ, ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕಾಸೇಗಾಂವಿನಲ್ಲಿ ಮನೆ ಮಾಡಿಕೊಂಡು, 1983ರಲ್ಲಿ ಭಾರತದ ಪೌರತ್ವ ಪಡೆದರು. ಅತ್ತೆ ಇಂದುತಾಯಿಯವರು 1940ರ ದಶಕದಲ್ಲಿ ಬ್ರಿಟಿಷರಿಗೆ ಎದುರಾಗಿ ಸಾತಾರದ ಜನರೇ ನಡೆಸಿದ ಪ್ರತಿಸರ್ಕಾರದ ಹೋರಾಟದಲ್ಲಿ ಭಾಗವಹಿಸಿದ್ದವರು. ಹೀಗಾಗಿ ಸೊಸೆಗೆ ಚಳವಳಿಯ ಚರಿತ್ರೆ ಅಡುಗೆಮನೆಯಲ್ಲೇ ಸಿಗುತ್ತಿತ್ತು ಎಂದರೆ ಅತಿಶಯೋಕ್ತಿಯಾಗದು.

ಅವರ ಮೊದಲ ಸಂಶೋಧನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಜಲಸಾದ, ಅಂದರೆ ಚಳವಳಿಯ ಮಾತನ್ನು ಹಾಡು-ಆಟಗಳಲ್ಲಿ ಹೇಳುವ ಪ್ರದರ್ಶನದ, ವಿಚಾರ. ಜೋತಿಬಾ ಫುಲೆಯವರು 1873ರಲ್ಲಿ ಸ್ಥಾಪಿಸಿದ ಸತ್ಯಶೋಧಕ ಸಮಾಜವು ಅಕ್ಷರ ಬಾರದ ರೈತರನ್ನು ತಲುಪಿದ್ದು ಭಾಷಣಗಳಿಗಿಂತ ಹೆಚ್ಚಾಗಿ, ಮರಾಠಿ ಜನಪದ ಆಟವಾದ ತಮಾಷಾದ ಧಾಟಿಯ ಈ ಜಲಸಾಗಳ ಮೂಲಕ. ಆಟದ ಮೊದಲಿನ ಗಣಪತಿ ಸ್ತುತಿಯನ್ನು ಕೈಬಿಡದೆ, ಗಣಪತಿಯೆಂದರೆ ಗಣಗಳ, ಅಂದರೆ ಜನರ, ನಾಯಕನೆಂದು ಅರ್ಥವನ್ನಷ್ಟೇ ತಿರುಗಿಸಿ ಹಾಡುತ್ತಿದ್ದರು. ದೊಡ್ಡಾಟ, ಸಣ್ಣಾಟಗಳನ್ನು ನೋಡಿ ಬೆಳೆದ ನಮಗೆ ಈ ಜಾಣತನ ಥಟ್ಟನೆ ಹೊಳೆಯುತ್ತದೆ. ಹಾಡು, ಆಟ, ಹಬ್ಬಗಳನ್ನು ಹೋರಾಟದ ಅಲಂಕಾರವೆಂದಲ್ಲ, ಹೋರಾಟದ ಬುಡವೆಂದೇ ಓಮ್‌ವೆಟ್ ಪರಿಗಣಿಸಿದರು.

ಬಳಿರಾಜಾ ಅಣೆಕಟ್ಟಿನ ಕತೆಯನ್ನೇ ನೋಡಬಹುದು. 1982ರ ಮುಂಬೈ ಗಿರಣಿ ಮುಷ್ಕರದಿಂದಾಗಿ ಸಾಂಗ್ಲಿ ಜಿಲ್ಲೆಯ ಖಾನಾಪುರ ತಾಲ್ಲೂಕಿಗೆ ಮರಳಿದ ಕಾರ್ಮಿಕರು, ತಮ್ಮೂರಿಗೆ ಪದೇಪದೇ ಬರ ಬೀಳುವುದೇಕೆಂದು ಕೇಳತೊಡಗಿದರು. ಕೃಷ್ಣೆಯ ಉಪನದಿ ಯೇರಳಾದ ಮರಳನ್ನು ಗುತ್ತಿಗೆದಾರರು ಲಾರಿಗಟ್ಟಲೆ ಬಾಚಿ ಒಯ್ಯುತ್ತಿದ್ದುದರಿಂದ ಬಾವಿಗಳಲ್ಲಿ ನೀರು ನಿಲ್ಲುತ್ತಿರಲಿಲ್ಲ. ಊರವರು ಅದನ್ನು ತಡೆದು, ತಾವೇ ಮಿತವಾಗಿ ಮರಳು ಮಾರಿ ಬಂದ ಹಣಕ್ಕೆ ದೇಣಿಗೆಯನ್ನೂ ಶ್ರಮವನ್ನೂ ಕೂಡಿಸಿ ಒಂದು ಸಣ್ಣ ಅಣೆಕಟ್ಟು ಕಟ್ಟಿದರು. ಹೊಲವಿಲ್ಲದವರಿಗೂ ನೀರಿನ ಪಾಲು ಸಲ್ಲಬೇಕೆಂದು ಹಟ ಹಿಡಿದರು. ಅದಕ್ಕಿಟ್ಟ ಹೆಸರು, ಫುಲೆಯವರು ರೈತರ ರಾಜನೆಂದು ಕೊಂಡಾಡಿದ ಬಲಿಯದು. ನಾವು ಪಾಡ್ಯದ ದಿನ ನೆನೆಯುವ ಬಲೀಂದ್ರನೇ ಅಲ್ಲಿ ಅಣೆಕಟ್ಟಾಗಿ ನಿಂತಿದ್ದಾನೆ. ಓಮ್‌ವೆಟ್ ಈ ಹೋರಾಟವನ್ನು ಕುರಿತು ಬರೆದರು, ಅದರ ಒಳಗೂ ಇದ್ದರು.

ಒಳಗಿದ್ದವರು ಪಕ್ಷಪಾತಿಗಳಾಗುತ್ತಾರೆ ಎಂಬ ಆಕ್ಷೇಪವನ್ನು ನಾನು ಸುಲಭವಾಗಿ ತಳ್ಳಿಹಾಕಲಾರೆ. ಆದರೆ ಇವರ ವಿಷಯದಲ್ಲಿ ನಡೆದದ್ದು ಬೇರೆಯೇ. ಬರಪೀಡಿತ ರೈತರ ಕಡೆಯಿಂದ ನೋಡುತ್ತ, ದೊಡ್ಡ ಅಣೆಕಟ್ಟುಗಳನ್ನು ಸಾರಾಸಗಟಾಗಿ ವಿರೋಧಿಸುವುದು ಸರಿಯೇ ಎಂದು ಪ್ರಶ್ನಿಸಿ, ನರ್ಮದಾ ಅಣೆಕಟ್ಟನ್ನು ವಿರೋಧಿಸಿ ಬರೆದಿದ್ದ ಲೇಖಕಿ ಅರುಂಧತಿ ರಾಯ್ ಅವರಿಗೆ 1999ರಲ್ಲಿ ಬಹಿರಂಗ ಪತ್ರ ಬರೆದು ಜೊತೆಗಾರರಲ್ಲೇ ಅನೇಕರ ಮುನಿಸು ಕಟ್ಟಿಕೊಂಡರು. ಮುಕ್ತ ಮಾರುಕಟ್ಟೆಯಿಂದ ರೈತನಿಗೆ ಒಳಿತಾಗುತ್ತದೆ ಎಂಬ ಅವರ ಭರವಸೆಯಂತೂ ನನಗೆ ಇಂದಿಗೂ ಒಪ್ಪಿಗೆಯಿಲ್ಲ. ಈರುಳ್ಳಿ ಬೆಳೆಯುವ ಮನೆಯಿಂದ ಬಂದವಳಿಗೆ ಅದು ಕಷ್ಟ.

ವಸಾಹತು ಕಾಲದ ದಲಿತ ಚಳವಳಿಯನ್ನು ಕುರಿತ ಅವರ ಅಧ್ಯಯನದಲ್ಲಿ ಮಹಾರಾಷ್ಟ್ರ, ಆಂಧ್ರಗಳ ಜೊತೆಗೆ ನಮ್ಮ ಮೈಸೂರು ಸಂಸ್ಥಾನವೂ ಇದೆ. ಅರಸರ ಔದಾರ್ಯದ ಕತೆಯನ್ನೇ ಹೇಳಿಕೊಂಡು ಬಂದ ನಾವು ಆ ಪುಟಗಳೊಡನೆ ಇನ್ನಷ್ಟು ಜಗಳವಾಡಬೇಕಿತ್ತು.

ದೂರ ನಿಂತು ನೋಡುವುದೇ ಸಂಶೋಧನೆಯ ನೀತಿಯೆಂದು ನಮಗೆ ಕಲಿಸಿದ್ದರು. ಓಮ್‌ವೆಟ್ ತಾವು ಬರೆದದ್ದಕ್ಕೆ ಉತ್ತರ ಕೊಡಬೇಕಾದ ಜನರ ನಡುವೆಯೇ ಸುಮಾರು ನಾಲ್ಕು ದಶಕ ಬದುಕಿ, 2021ರ ಆಗಸ್ಟ್ 25ರಂದು ಕಾಸೇಗಾಂವಿನಲ್ಲೇ ತೀರಿಕೊಂಡರು. ನನ್ನ ಪ್ರಬಂಧದಲ್ಲಿ ಆ ಅಜ್ಜಿಯ ಊರಿನ ಹಳ್ಳದ ಹೆಸರನ್ನೇ ತಪ್ಪಾಗಿ ಬರೆದಿದ್ದೇನೆಂಬುದು ಆರು ವರ್ಷಗಳ ಬಳಿಕ, ಅಕಸ್ಮಾತ್ತಾಗಿ, ನನಗೇ ಗೊತ್ತಾಯಿತು. ತಿದ್ದುವುದಕ್ಕೆ ಆ ಊರಿನವರ್ಯಾರೂ ಅದನ್ನು ನೋಡಿಯೇ ಇರಲಿಲ್ಲ.