ಮೂರು ದಿನ "ಮಾಡ್ತಾ ಇದೀನಿ ಸರ್"

ಕಳೆದ ವರ್ಷ ಶಿರಸಿ ಕಡೆಯ ಹುಡುಗಿಯೊಬ್ಬಳು ನಮ್ಮ ಸಾಫ್ಟ್‌ವೇರ್ ಟೀಮಿಗೆ ಇಂಟರ್ನ್ ಆಗಿ ಸೇರಿದಳು. ಕೆಲಸ ಮನೆಯಿಂದಲೇ. ಕರೆಂಟು ಹೋದರೆ ನೆಟ್‌ವರ್ಕೂ ಹೋಗುವ ಊರು. ಮೊದಲ ದಿನ ಸೆಟಪ್ ಡಾಕ್ಯುಮೆಂಟ್ ಕಳಿಸಿ, "ಡೌಟ್ ಇದ್ರೆ ಮೆಸೇಜ್ ಮಾಡಮ್ಮ" ಅಂದು ನನ್ನ ಕೆಲಸದಲ್ಲಿ ಮುಳುಗಿದೆ.

ಮೂರು ದಿನ ಬೆಳಗಿನ ಸ್ಟ್ಯಾಂಡಪ್‌ನಲ್ಲಿ (ಯಾರ ಕೆಲಸ ಎಲ್ಲಿಗೆ ಬಂತು ಅಂತ ಹೇಳುವ ಪುಟ್ಟ ಮೀಟಿಂಗ್) ಅವಳದು ಒಂದೇ ಮಾತು, "ಮಾಡ್ತಾ ಇದೀನಿ ಸರ್." ಹುಡುಗಿ ಚುರುಕಿಲ್ಲವೇನೋ ಅಂದುಕೊಂಡೆ. ನಾಲ್ಕನೇ ದಿನ ಸ್ಕ್ರೀನ್ ಶೇರ್ ಮಾಡಿಸಿದರೆ ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ತುಂಬ ಒಂದೇ ಸಾಲು, 'ಪರ್ಮಿಷನ್ ಡಿನೈಡ್', ಅಂದರೆ ಅನುಮತಿ ಇಲ್ಲ. ಅದೇ ಕಮಾಂಡನ್ನು ಮತ್ತೆ ಮತ್ತೆ ಹೊಡೆದಿದ್ದಳು. ಆಕ್ಸೆಸ್ ಕೊಡಬೇಕಾದವನು ನಾನು, ಕೊಟ್ಟಿರಲಿಲ್ಲ. ಕೊಡಲು ಹಿಡಿದದ್ದು ಒಂದು ನಿಮಿಷ.

"ಕೇಳೋದಲ್ವಾ?" ಅಂದೆ.

"ನಂದೇ ತಪ್ಪೇನೋ ಅನ್ಕೊಂಡೆ ಸರ್."

ಆ ಮಾತು ಇನ್ನೂ ಚುಚ್ಚುತ್ತದೆ. ಆಫೀಸಿನಲ್ಲಾಗಿದ್ದರೆ ಪಕ್ಕದ ಸೀಟಿನವರು ಅವಳ ಮುಖ ನೋಡಿಯೇ "ಏನಾಯ್ತು?" ಅನ್ನುತ್ತಿದ್ದರು. ಮನೆಯಲ್ಲಿ ಕೂತವಳಿಗೆ ಯಾರಿದ್ದಾರೆ? ಇಂಟರ್ನಲ್ಸ್ ಮಾರ್ಕ್ಸ್ ಕೈಯಲ್ಲಿ ಹಿಡಿದವರ ಎದುರು ಪ್ರಶ್ನೆ ಕೇಳಿ ಗದರಿಸಿಕೊಂಡು ಬಂದ ಮಕ್ಕಳಿವರು. ಅವರು ಕೇಳುವುದಿಲ್ಲ. ನಾವೇ ಕೇಳಬೇಕು.

ಓಪನ್ ಸೋರ್ಸ್ (ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ) ಪ್ರಾಜೆಕ್ಟುಗಳಲ್ಲಿ ಹೊಸಬರು ಮೆಂಟರ್ ಜೊತೆ ಕೆಲಸ ಮಾಡುತ್ತಾ ಕಲಿಯುವ ಗೂಗಲ್ ಸಮ್ಮರ್ ಆಫ್ ಕೋಡ್ ಕಾರ್ಯಕ್ರಮ 2005ರಿಂದ ನಡೆಯುತ್ತಿದೆ. ಕಲಿಯುವವರು ಒಂದು ದೇಶ, ಮೆಂಟರ್ ಇನ್ನೊಂದು ದೇಶ. ಎದುರುಬದುರು ಭೇಟಿಯೇ ಆಗದೆ ಪ್ರಾಜೆಕ್ಟ್ ಮುಗಿಯುವುದುಂಟು. ಆದರೆ ಕೋಡ್ ಬರೆಯುವ ಮೊದಲು ಕೆಲವು ವಾರಗಳನ್ನು 'ಕಮ್ಯುನಿಟಿ ಬಾಂಡಿಂಗ್' ಎಂದು ಪರಿಚಯಕ್ಕಾಗಿಯೇ ಎತ್ತಿಟ್ಟಿದ್ದಾರೆ. ನಾವು ಇಂಟರ್ನ್‌ಗೆ ಒಂದು ಲಿಂಕ್ ಕಳಿಸಿ ಕೈತೊಳೆದುಕೊಳ್ಳುತ್ತೇವೆ.

ವಿಟಿಯು (ನಮ್ಮ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯ) 2022ರ ಸ್ಕೀಮಿನಲ್ಲಿ, ಅಂದರೆ ಪಠ್ಯಕ್ರಮದಲ್ಲಿ, ಎಂಟನೇ ಸೆಮಿಸ್ಟರಿನ ಇಂಟರ್ನ್‌ಶಿಪ್ಪಿಗೇ 10 ಕ್ರೆಡಿಟ್. ಹಾಗಾಗಿ ಸಿಕ್ಕ ಕಡೆ ಸೇರಿಕೊಳ್ಳುವ ಆತುರ ಮಕ್ಕಳಿಗೆ. (ದುಡ್ಡು ಇಸಿದುಕೊಂಡು, ಒಬ್ಬ ಗೈಡನ್ನೂ ಕೊಡದೆ ಸರ್ಟಿಫಿಕೇಟ್ ಕಳಿಸುವವರ ಬಗ್ಗೆ ಬರೆದರೆ ಇನ್ನೊಂದು ಪೋಸ್ಟೇ ಆದೀತು.) ಕ್ರೆಡಿಟ್ ಹೇಗೋ ಬರುತ್ತದೆ. ಆದರೆ ತನ್ನ ಕೋಡಿನಲ್ಲಿ ಎಲ್ಲಿ ತಪ್ಪಿದೆ, ಯಾಕೆ ತಪ್ಪಿದೆ ಅಂತ ಜೊತೆಗೆ ಕೂತು ತೋರಿಸುವವರು ಸಿಗದಿದ್ದರೆ ಆ ನಾಲ್ಕೈದು ತಿಂಗಳು ವ್ಯರ್ಥ.

ಈಗ ಮೊದಲ ಎರಡು ವಾರ ಇಂಟರ್ನ್ ಜೊತೆ ದಿನಾ ಹನ್ನೊಂದು ಗಂಟೆಗೆ ಇಪ್ಪತ್ತು ನಿಮಿಷ ಮಾತಾಡುತ್ತೇನೆ. ಕ್ಯಾಮೆರಾ ಆನ್ ಮಾಡು ಅನ್ನುವುದಿಲ್ಲ, ಎಷ್ಟೋ ಮಕ್ಕಳದು ಮೊಬೈಲ್ ಡೇಟಾ. "ಆಯ್ತಾ?" ಅಂತಲೂ ಕೇಳುವುದಿಲ್ಲ, "ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀಯ, ತೋರಿಸು" ಅನ್ನುತ್ತೇನೆ.

ಈ ಸಲದ ಇಂಟರ್ನ್ ಹುಬ್ಬಳ್ಳಿ ಹುಡುಗ. ಮೊನ್ನೆ ನನ್ನ ಮೀಟಿಂಗ್ ಲಂಬಿಸಿ ಹನ್ನೊಂದೂಕಾಲಾಯಿತು. ಅವನೇ ಫೋನ್ ಮಾಡಿದ: "ಸರ, ಇವತ್ತ ಕಾಲ್ ಇಲ್ಲೇನ್ರಿ? ಮೂರು ಡೌಟ್ ಅದಾವ್ರಿ."