ರಿಮೋಟ್ 1, ಸೆಲ್ 2

ಹತ್ತು ದಿನ ಫಿನ್‌ಲ್ಯಾಂಡ್ ತಿರುಗಿ ಬಂದರೂ ಸುಸ್ತಾಗದವಳು ನಿನ್ನೆ ನಮ್ಮದೇ ಶಾಲೆಯಲ್ಲಿ ಒಂದು ರಿಮೋಟ್‌ಗಾಗಿ ಸುಸ್ತಾದೆ. ಸಿಟ್ಟು ಇನ್ನೂ ಇಳಿದಿಲ್ಲ.

ಶಿಕ್ಷಕರ ವಿನಿಮಯದಲ್ಲಿ ಹೋಗಿ ಬಂದವರು ಅನುಭವ ಹಂಚಿಕೊಳ್ಳಬೇಕಲ್ವಾ? ವಿಜಯಪುರದಿಂದ ಇಂಡಿಗೆ ಹೋಗುವ ದಾರಿಯಲ್ಲಿರುವ ನಮ್ಮ ಹಳ್ಳಿ ಶಾಲೆಗೆ ಸುತ್ತಲಿನ ಊರುಗಳ ಇಪ್ಪತ್ತು ಮಂದಿ ಮಾಸ್ತರರು, ಅಕ್ಕೋರು ಬಂದಿದ್ದರು. ನನ್ನ ಪೆನ್‌ಡ್ರೈವ್ ತುಂಬ ಫೋಟೊ. ಗೋಡೆಯ ಮೇಲೆ ಹಳೆ ವಿದ್ಯಾರ್ಥಿಗಳು ಕೊಟ್ಟ ಸ್ಮಾರ್ಟ್ ಟಿವಿ. ಎರಡು ವರ್ಷದ ಹಿಂದೆ ಪೂಜೆಗೆ ಹಚ್ಚಿದ ಕುಂಕುಮ ಅದರ ಮೂಲೆಯಲ್ಲಿ ಹಾಗೇ ಇದೆ. ಮೈಮೇಲಿನ ಪ್ಲಾಸ್ಟಿಕ್ಕೂ ಇದೆ. ರಿಮೋಟ್ ಮಾತ್ರ ಇಲ್ಲ.

“ತಿಜೋರ್ಯಾಗ ಐತ್ರಿ ಅಕ್ಕೋರ.”

“ತಿಜೋರಿ ಕೀಲಿ?”

“ಹೆಡ್‌ಮಾಸ್ತರ್ ಕಿಸೇದಾಗ ಐತ್ರಿ.”

“ಅವರೆಲ್ಲಿ?”

“ಇಂಡೀಗೆ ಮೀಟಿಂಗ್‌ಗೆ ಹೋಗ್ಯಾರ್ರಿ.”

ಒಬ್ಬರು ಬೈಕ್ ಹತ್ತಿ ಕೀಲಿ ತರಲು ಹೋದರು. ಅಲ್ಲಿಯವರೆಗೆ ನಾನು ಬಾಯಲ್ಲೇ ಫಿನ್‌ಲ್ಯಾಂಡ್ ತೋರಿಸಿದೆ. ಅಲ್ಲಿ ಏಳು ವರ್ಷಕ್ಕೆ ಶಾಲೆ ಶುರು. 45 ನಿಮಿಷ ಪಾಠ, 15 ನಿಮಿಷ ಬಿಡುವು. ಹಿಮ ಬೀಳುತ್ತಿದ್ದರೂ ಮಕ್ಕಳು ಆಡಲು ಅಂಗಳಕ್ಕೆ ಹೋಗುತ್ತಾರೆ. ಹಾಜರಿ, ಹೋಂವರ್ಕ್, ಮನೆಯವರಿಗೆ ಸುದ್ದಿ ಎಲ್ಲಾ ವಿಲ್ಮಾ ಅನ್ನುವ ಒಂದೇ ಆ್ಯಪ್‌ನಲ್ಲಿ. (ನಮಗೆಷ್ಟು ಆ್ಯಪ್, ಅದರ ಮೇಲೆ ಎಷ್ಟು ರಿಜಿಸ್ಟರ್ ಅಂತ ನಾನು ಹೇಳಬೇಕಾಗಿಲ್ಲ.) ಯಾರ ಮುಖದಲ್ಲೂ ಕಳೆ ಬರಲಿಲ್ಲ. ಊಟದ ಮಾತು ಬಂದಾಗ ಎಲ್ಲರೂ ಎದ್ದು ಕೂತರು. ಅಲ್ಲಿ ಶಾಲೆಯಲ್ಲಿ ಬಿಟ್ಟಿ ಊಟ, 1948ರಿಂದ. ತಟ್ಟೆಯ ಬದಿಗೆ ರೈ ಅನ್ನುವ ಧಾನ್ಯದ ಹಿಟ್ಟಿನದೊಂದು ಗರಿಗರಿ ರೊಟ್ಟಿ, ನಮ್ಮ ಖಡಕ್ ರೊಟ್ಟಿಯ ತಮ್ಮ. ಮುರಿದಾಗ ಸದ್ದೂ ಅದೇ. ಆ ಸದ್ದಿಗೆ ಅಷ್ಟು ದೂರದಲ್ಲಿ ಕಣ್ಣಲ್ಲಿ ನೀರು ಬಂದಿತ್ತು.

“ತತ್ತಿ ಲೆಕ್ಕ ಯಾವ ಆ್ಯಪ್‌ನ್ಯಾಗ ಹಾಕ್ತಾರ್ರಿ ಅಲ್ಲಿ?” ಹಿಂದಿನ ಬೆಂಚಿನಿಂದ ಒಬ್ಬ ಮಾಸ್ತರರು ಕೇಳಿದರು.

ಕೀಲಿ ಬಂತು. ತಿಜೋರಿಯೊಳಗೆ ಕಂಪಾಸ್ ಪೆಟ್ಟಿಗೆ, ಅದರೊಳಗೆ ಪ್ಲಾಸ್ಟಿಕ್ ಚೀಲ, ಅದರೊಳಗೆ ಕರವಸ್ತ್ರ, ಅದರೊಳಗೆ ರಿಮೋಟ್. ಜೊತೆಗೊಂದು ರಿಜಿಸ್ಟರ್. ‘ರಿಮೋಟ್ 1, ಸೆಲ್ 2’ ಅಂತ ಬರೆದಿದ್ದರ ಮುಂದೆ ಸಹಿ ಹಾಕಿ ಒತ್ತಿದೆ. ಟಿವಿ ಮಿಸುಕಲಿಲ್ಲ. ಹಿಂದಿನ ಮುಚ್ಚಳ ತೆಗೆದರೆ ಸೆಲ್ಲೇ ಇಲ್ಲ!

“ವರಾಂಡದ ಗಡಿಯಾರ ನಿಂತಿತ್ರಿ, ಅದಕ್ಕ ಹಾಕೇವ್ರಿ.”

“ಅದಕ್ಕ ಒಂದ ಸಾಕಲ್ರೀ?”

“ಇನ್ನೊಂದು ಆಫೀಸ್ ಗಡಿಯಾರಕ್ಕರಿ.”

ಏಣಿ ತಂದು ಎರಡೂ ಗಡಿಯಾರದ ಸೆಲ್ ಕಿತ್ತದ್ದಾಯಿತು. ಟಿವಿ ಹತ್ತಿತು. ಮೊದಲ ಫೋಟೊ: ಗಾಲಿ ಇರುವ ಕಪಾಟು, ಅದರ ತುಂಬ ಲ್ಯಾಪ್‌ಟಾಪ್. ಮಕ್ಕಳು ತಾವೇ ತೆಗೆದುಕೊಂಡು, ತಾವೇ ತಿರುಗಿ ಚಾರ್ಜಿಗೆ ಇಡುತ್ತಾರೆ. ಇದರ ಕೀಲಿ ಯಾರ ಕಡೆ ಇರುತ್ತದೆ ಅಂತ ಅಲ್ಲಿಯ ಟೀಚರನ್ನು ಕೇಳಿದ್ದೆ. ಪಾಪ, ನನ್ನ ಇಂಗ್ಲಿಷ್ ಕೇಳಿ ನನ್ನದೇ ಕೀಲಿ ಕಳೆದಿದೆ ಅಂದುಕೊಂಡು ಬೆಂಚಿನ ಕೆಳಗೆಲ್ಲ ಬಗ್ಗಿ ಹುಡುಕಿದರು.

ಎಲ್ಲರೂ ನಕ್ಕರು. ನನಗೆ ಮಾತ್ರ ನಮ್ಮ ಹೆಡ್‌ಮಾಸ್ತರರ ಕಿಸೆ ನೆನಪಾಯಿತು. ಹಿಂದಿನ ಶಾಲೆಯಲ್ಲಿ ಯುಪಿಎಸ್ ಬ್ಯಾಟರಿ ಕಳುವಾದಾಗ ಅವರು ವರ್ಷವಿಡೀ ಪೊಲೀಸ್ ಠಾಣೆಗೆ ಅಲೆದಿದ್ದರು. ಸುಮ್ನೆ ಕೀಲಿ ಹಾಕುವ ಮನುಷ್ಯರಲ್ಲ ಅವರು.

ಎರಡನೇ ಫೋಟೊಕ್ಕೆ ಕರೆಂಟ್ ಹೋಯಿತು.

ಹೊರಗೆ ಬಂದರೆ ಬಯಲಿನ ತುಂಬ ಮಕ್ಕಳು. ಹತ್ತೇ ನಿಮಿಷದ ಬಿಡುವು, ಇನ್ನೂ ಮುಗಿದಿಲ್ಲ. ಗಂಟೆ ಬಾರಿಸುವ ಏಳನೇತ್ತೆ ಹುಡುಗ ಕೈಯಲ್ಲಿ ಸುತ್ತಿಗೆ ಹಿಡಿದು ವರಾಂಡದ ಗಡಿಯಾರವನ್ನೇ ನೋಡುತ್ತ ನಿಂತಿದ್ದ.

“ಇನ್ನಾ ಹನ್ನೊಂದೂ ಇಪ್ಪತ್ತೈದ್ರಿ ಅಕ್ಕೋರ!”

ನನ್ನ ಮೊಬೈಲಿನಲ್ಲಿ 12:10. ಸಹೋದ್ಯೋಗಿಯೊಬ್ಬರು ಸೆಲ್ ಹಾಕಲು ಏಣಿ ಎತ್ತಿಕೊಂಡರು.

“ಇರ್ರಿ ಸರ,” ಅಂದೆ. “ಇನ್ನೊಂದು ಹತ್ತು ನಿಮಿಷ ಬಿಡ್ರಿ.”