ಗುಂಡಿಯ ದೀರ್ಘಾಯುಷ್ಯ

ಬೆಂಗಳೂರಿನ ಬಡಾವಣೆಗಳ ಉದ್ಯಾನ ಸಂಘಗಳು ಗಿಡ ಬೆಳೆಸುವುದಿಲ್ಲವೆಂದು ದೂರುವವರು ಆ ಸಂಘಗಳ ಧ್ಯೇಯವನ್ನೇ ಅರಿಯದವರು. ಸಂಘ ಪೋಷಿಸುವುದು ಗುಂಡಿಯನ್ನು. ಈ ವರ್ಷ ನೆಟ್ಟ ಸಸಿ ಅಪ್ಪಿತಪ್ಪಿ ಬೇರುಬಿಟ್ಟು ಮರವಾಗಿಬಿಟ್ಟರೆ, ಮುಂದಿನ ವರ್ಷ ಶಾಸಕರನ್ನು ಕರೆಸಿ ಏನು ಮಾಡಿಸುವುದು?

1950ರಲ್ಲಿ ಕೇಂದ್ರ ಸಚಿವ ಕೆ.ಎಂ. ಮುನ್ಶಿಯವರು ಆರಂಭಿಸಿದ ವನಮಹೋತ್ಸವ ಜುಲೈ ಮೊದಲ ವಾರಕ್ಕೆ ನಿಗದಿಯಾದದ್ದು ಸಸಿಗಳಿಗೆ ಮುಂಗಾರಿನ ನೀರು ಸಿಗಲೆಂದು. ಮಳೆಯಲ್ಲಿ ಶಾಮಿಯಾನ ಸೋರುವುದರಿಂದ ನಮ್ಮವರು ಮೋಡವಿಲ್ಲದ ಭಾನುವಾರಕ್ಕಾಗಿ ಕಾಯುತ್ತಾರೆ. ಹಿಂದಿನ ಸಂಜೆಯೇ ಮಾಲಿ ಹಳೆಯ ಗುಂಡಿಯನ್ನು ಮತ್ತೆ ತೋಡಿ, ಗೊಬ್ಬರ ಸುರಿದು ಹೋಗಿರುತ್ತಾನೆ. ಬೆಳಿಗ್ಗೆ ಹಸಿರು ಟೀ ಶರ್ಟು ಧರಿಸಿ ಬಂದ ಸ್ವಯಂಸೇವಕರೆಲ್ಲ ಒಂದೇ ಹೊಂಗೆ ಸಸಿಗೆ ಕೈ ಹಚ್ಚಿ, ಕ್ಯಾಮೆರಾದತ್ತ ನೋಡುತ್ತ ಅದನ್ನು ಇಳಿಸುತ್ತಾರೆ. ಪ್ಲಾಸ್ಟಿಕ್ ಚೀಲವನ್ನು ಹರಿಯದೆ ನೆಡುವುದೂ ಉಂಟು. ಫೋಟೊ ಸರಿಯಾಗಿ ಬರದಿದ್ದರೆ ಮೇಲೆತ್ತಿ ಮತ್ತೊಮ್ಮೆ ನೆಡಲು ಅನುಕೂಲವಲ್ಲವೇ!

ಸಸಿಗಿಂತ ಎತ್ತರದ ಕಬ್ಬಿಣದ ಬೇಲಿಯ ಮೇಲೆ ಪ್ರಾಯೋಜಕರು, ಅಧ್ಯಕ್ಷರು, ಮಾಜಿ ಅಧ್ಯಕ್ಷರೆಲ್ಲರ ಹೆಸರುಗಳಿರುತ್ತವೆ. ಗಿಡದ ಹೆಸರಿಗೆ ಜಾಗ ಉಳಿಯುವುದಿಲ್ಲ.

ಭಾಷಣದಲ್ಲಿ ಸಾಲುಮರದ ತಿಮ್ಮಕ್ಕನವರ ಸ್ಮರಣೆ ಕಡ್ಡಾಯ. ಹುಲಿಕಲ್ಲಿನಿಂದ ಕುದೂರಿನ ದಾರಿಯುದ್ದಕ್ಕೂ ಆ ದಂಪತಿ ಆಲದ ಸಸಿಗಳಿಗೆ ನೀರು ಹೊತ್ತು ಹಾಕಿದರೆಂಬ ಮಾತಿಗೆ ಜೋರು ಚಪ್ಪಾಳೆ ಬೀಳುತ್ತದೆ. ಬೇಸಿಗೆಯಲ್ಲಿ ಉದ್ಯಾನದ ಗಿಡಕ್ಕೆ ಒಂದು ಬಕೆಟ್ ನೀರು ಯಾರು ತರುತ್ತೀರೆಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಕೇಳಿದರೆ ಕೈಮುಗಿದ ಚಿತ್ರಗಳು ಸಾಲುಗಟ್ಟುತ್ತವೆ. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ಬಿಗಡಾಯಿಸಿ, ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿದಾಗ, ಅದನ್ನು ಸಂಘದ ಸದಸ್ಯರಷ್ಟು ನಿಷ್ಠೆಯಿಂದ ಪಾಲಿಸಿದವರು ನಗರದಲ್ಲಿ ಇನ್ನೊಬ್ಬರಿರಲಾರರು. ಎಷ್ಟೋ ವರ್ಷ ಮೊದಲೇ ಅವರು ಪಾಲನೆ ಆರಂಭಿಸಿದ್ದರು. ಸಂಸ್ಕರಿಸಿದ ನೀರು ಬಳಸಬಹುದೆಂಬ ವಿಷಯವನ್ನು ಯಾರೂ ಸಭೆಯ ಗಮನಕ್ಕೆ ತರಲಿಲ್ಲ. ತಂದಿದ್ದರೆ ಅದಕ್ಕೊಂದು ಉಪಸಮಿತಿ ರಚನೆಯಾಗುತ್ತಿತ್ತು.

ಹೀಗೆ ಏಪ್ರಿಲ್ ಹೊತ್ತಿಗೆ ಸಸಿ ಒಣಗಿ, ಗುಂಡಿ ಮುಂದಿನ ಅತಿಥಿಗಳಿಗೆ ತೆರವಾಗುತ್ತದೆ. ಈ ಸಲದ ವಾರ್ಷಿಕ ಸಭೆಯಲ್ಲಿ ಅದಕ್ಕೆ ಗ್ರಾನೈಟ್ ಅಂಚು ಕಟ್ಟಿಸಲು ಸರ್ವಾನುಮತದ ಒಪ್ಪಿಗೆ ದೊರೆತಿದೆ. ತಳಕ್ಕೂ ಕಾಂಕ್ರೀಟು ಹಾಕಿಸಿದರೆ ವರ್ಷವರ್ಷವೂ ತೋಡಿಸುವ ಕೂಲಿ ಉಳಿಯುತ್ತದೆಂಬ ಖಜಾಂಚಿಯವರ ಸಲಹೆಯನ್ನು ಕಾರ್ಯಕಾರಿ ಸಮಿತಿ ಪರಿಶೀಲಿಸುತ್ತಿದೆ.